ಮಕ್ಕಳ ಹೆಜ್ಜೆಗೆ ತಕ್ಕ ನಡಿಗೆ

ವಾಕ್ಯಭಾಗ: ಆದಿಕಾಂಡ 33:12–17
ಯುವ ಕುಟುಂಬಗಳ ಕೂಟದಲ್ಲಿ ಕೊಟ್ಟ ಸಂದೇಶ

ಹಿಂದೆ ಕೂತಿರೋ ತಾಯಂದಿರೇ, ಮಗು ಅತ್ತರೆ ದಯವಿಟ್ಟು ಎದ್ದು ಹೊರಗೆ ಹೋಗಬೇಡಿ. ಇವತ್ತಿನ ಸಂದೇಶ ಮಕ್ಕಳ ಬಗ್ಗೆನೇ. ಅವರ ಸದ್ದಿನ ನಡುವೆ ಕೇಳಿದರೇ ಇದು ಸರಿಯಾಗಿ ಅರ್ಥ ಆಗೋದು. ಇನ್ನೂ ಮದುವೆಯಾಗದ ಯೌವನಸ್ಥರೇ, ಇದು ನಮಗಲ್ಲ ಅಂತ ಮೊಬೈಲ್ ತೆಗೀಬೇಡಿ. ಕೊನೆಯಲ್ಲಿ ನಿಮಗೂ ಒಂದು ಮಾತಿದೆ.

ಈಚೆಗೆ ಮನೆ ಭೇಟಿಗೆ ಹೋದ ಕಡೆಯೆಲ್ಲ ನಾನು ಒಂದೇ ಮಾತು ಕೇಳ್ತಾ ಇದ್ದೀನಿ. “ಬ್ರದರ್, ನಾವು ಒಳ್ಳೇ ಅಪ್ಪ ಅಮ್ಮ ಅಲ್ಲ ಅನ್ಸುತ್ತೆ.” ಒಂದು ದಿನ ಮನೆ ಪರಲೋಕದ ಹಾಗಿರುತ್ತೆ. ಮಗು ತಾನಾಗೇ ತಟ್ಟೆ ಖಾಲಿ ಮಾಡುತ್ತೆ, ತಂಗಿಗೆ ಆಟದ ಸಾಮಾನು ಕೊಡುತ್ತೆ, ಕಣ್ಣು ಮುಚ್ಚಿ “ಯೇಸಪ್ಪಾ” ಅಂತ ಪ್ರಾರ್ಥನೆ ಮಾಡುತ್ತೆ. ಮಾರನೇ ದಿನ ಅದೇ ಮಗು ಸಾಕ್ಸ್ ಹಾಕ್ಕೊಳಲ್ಲ ಅಂತ ನೆಲದ ಮೇಲೆ ಉರುಳಾಡುತ್ತೆ. ಸ್ಕೂಲ್ ವ್ಯಾನ್ ಹಾರ್ನ್ ಹೊಡೀತಿರುತ್ತೆ, ಗ್ಯಾಸ್ ಮೇಲೆ ಹಾಲು ಉಕ್ಕುತ್ತಿರುತ್ತೆ, ಗಂಡ ಆಫೀಸ್ ಕಾಲ್‌ನಲ್ಲಿ ಇರ್ತಾನೆ. ರಾತ್ರಿ ಎಂಟು ಗಂಟೆಗೆ ಮನೆಯಲ್ಲಿ ಯಾರಾದರೂ ಒಬ್ಬರು ಅಳ್ತಿರ್ತಾರೆ. ಕೆಲವು ದಿನ ಅದು ಮಗು ಅಲ್ಲ, ತಾಯಿ.

ಆಮೇಲೆ ಅವರೇ ಮೆಲ್ಲಗೆ ಇನ್ನೊಂದು ಮಾತು ಸೇರಿಸ್ತಾರೆ. “ಮದುವೆಗೆ ಮುಂಚೆ ದಿನಾ ಒಂದು ಗಂಟೆ ಪ್ರಾರ್ಥನೆ ಮಾಡ್ತಿದ್ದೆ. ಈಗ ಮೊಣಕಾಲೂರಿದರೆ ನಿದ್ದೆ ಬರುತ್ತೆ. ದೇವರು ನನ್ನಿಂದ ದೂರ ಆಗಿಬಿಟ್ಟನಾ?”

ಪ್ರಿಯರೇ, ಇವತ್ತು ಈ ಪ್ರಶ್ನೆಗೇ ವಾಕ್ಯದಿಂದ ಉತ್ತರ ಹುಡುಕೋಣ. ಮನೆಯ ಈ ಏರಿಳಿತ ನಮ್ಮ ನಂಬಿಕೆ ಬಿದ್ದುಹೋಗಿದೆ ಅನ್ನೋದಕ್ಕೆ ಗುರುತಾ? ಅಥವಾ ನಾವು ನಡೀತಿರೋ ವೇಗದಲ್ಲೇ ಏನೋ ತಪ್ಪಿದೆಯಾ?

ಸಂದರ್ಭ ನೋಡೋಣ

ಬೈಬಲ್ ತೆಗೆದುಕೊಳ್ಳಿ. ಆದಿಕಾಂಡ 33. ಯಾಕೋಬನು ಅಣ್ಣನಿಗೆ ಹೆದರಿ ಊರು ಬಿಟ್ಟು ಹೋದವನು. ಪರ ಊರಿನಲ್ಲಿ ಮಾವ ಲಾಬಾನನ ಹತ್ತಿರ 20 ವರ್ಷ ದುಡಿದ. 31ನೇ ಅಧ್ಯಾಯದ 41ನೇ ವಚನದಲ್ಲಿ ಆ ಲೆಕ್ಕ ಅವನೇ ಕೊಡ್ತಾನೆ: ಹೆಂಡತಿಯರಿಗಾಗಿ 14, ಹಿಂಡಿಗಾಗಿ 6. ಅಲ್ಲೇ ಮದುವೆ, ಅಲ್ಲೇ ಮಕ್ಕಳು. ಹನ್ನೊಂದು ಗಂಡುಮಕ್ಕಳು, ದೀನಾ ಅನ್ನೋ ಮಗಳು. ಮೊದಲ ಏಳು ವರ್ಷ ಮುಗಿದ ಮೇಲೆ ಮದುವೆ ಆಗಿದ್ದು, ಹಾಗಾಗಿ ಎಲ್ಲರಿಗಿಂತ ದೊಡ್ಡವನಾದ ರೂಬೇನನಿಗೂ ಈಗ ಹನ್ನೆರಡು ವರ್ಷದ ಆಸುಪಾಸು ಅಷ್ಟೇ. ಮಿಕ್ಕವರೆಲ್ಲ ಅವನಿಗಿಂತ ಚಿಕ್ಕವರು. ಸ್ವಲ್ಪ ಊಹೆ ಮಾಡಿ. ಒಂದೇ ಪ್ರಯಾಣದಲ್ಲಿ ಹನ್ನೆರಡು ಮಕ್ಕಳು! ಇಬ್ಬರನ್ನ ಕರ್ಕೊಂಡು ಮಾಲ್‌ಗೆ ಹೋಗಿ ಬರೋದೇ ನಮಗೆ ಸಾಕಾಗುತ್ತೆ ಅಲ್ವಾ?

ದಾರಿಯಲ್ಲಿ ಏಸಾವ ನಾನೂರು ಜನರ ಜೊತೆ ಎದುರಾಗ್ತಾನೆ. ಯಾಕೋಬ ಹೆದರಿದ್ದ. ಆದರೆ ಏಸಾವ ಓಡಿ ಬಂದು ಅಪ್ಪಿಕೊಂಡ, ಇಬ್ಬರೂ ಅತ್ತರು. ಆಮೇಲೆ ಅಣ್ಣ ಪ್ರೀತಿಯಿಂದಲೇ ಕರೀತಾನೆ: ನಡಿ, ಹೊರಡೋಣ, ನಾನೂ ಜೊತೆಗೆ ಬರ್ತೀನಿ. ಅದಕ್ಕೆ ಯಾಕೋಬ ಕೊಟ್ಟ ಉತ್ತರವೇ ಇವತ್ತಿನ ನಮ್ಮ ಪಾಠ. ಅದರ ಸಾರಾಂಶ ಇಷ್ಟು: ಮಕ್ಕಳು ಎಳೆಯವರು, ಹಿಂಡಿನಲ್ಲಿ ಹಾಲೂಡಿಸೋ ಕುರಿ ದನಗಳಿವೆ, ಒಂದೇ ಒಂದು ದಿನ ಬಿರುಸಾಗಿ ಹೊಡೆದರೂ ಅವು ಸತ್ತು ಹೋಗ್ತಾವೆ. ನೀನು ಮುಂದೆ ಹೋಗು. ನಾನು ಈ ಹಿಂಡಿನ ನಡಿಗೆಗೂ ಈ ಮಕ್ಕಳ ನಡಿಗೆಗೂ ತಕ್ಕ ಹಾಗೆ ನಿಧಾನವಾಗಿ ಬರ್ತೀನಿ.

ಯಾಕೋಬ ಏಸಾವನಿಂದ ತಪ್ಪಿಸಿಕೊಳ್ಳೋಕೆ ಈ ಮಾತು ಹೇಳಿದ ಅಂತ ಕೆಲವರು ಹೇಳ್ತಾರೆ. ಕೊನೆಗೆ ಅವನು ಸೇಯೀರಿಗೆ ಹೋಗಲಿಲ್ಲ, ಸುಕ್ಕೋತಿಗೆ ಹೋದ, ನಿಜ. ಆದರೆ ಅವನ ಮನಸ್ಸಲ್ಲಿ ಏನೇ ಇರಲಿ, ಬಾಯಿಂದ ಬಂದ ಮಾತು ಕುರುಬನಾಗಿ 20 ವರ್ಷ ಬಿಸಿಲು ಚಳಿಯಲ್ಲಿ ಕಲಿತದ್ದು. ಇದರಿಂದ ನಾಲ್ಕು ವಿಷಯ ಧ್ಯಾನಿಸೋಣ.

1. ಏಸಾವ ಕೆಟ್ಟವನಲ್ಲ, ಅವನ ವೇಗ ಬೇರೆ

ನಾನೂರು ಗಂಡಸರು ನಡೆಯೋ ವೇಗ ಅದು. ಅವರಿಗೆ ಅದು ಸರಿಯಾದ ವೇಗವೇ. ಆದರೆ ಆ ವೇಗಕ್ಕೆ ಎಳೇ ಮಕ್ಕಳನ್ನ ಸೇರಿಸಿದರೆ ಮಕ್ಕಳು ಸೋಲ್ತಾರೆ.

ಇವತ್ತು ನಮ್ಮ ನಾನೂರು ಜನ ಯಾರು? ಆಫೀಸ್ ಡೆಡ್‌ಲೈನ್ ಇದೆ. ಸ್ಕೂಲ್ ವಾಟ್ಸಾಪ್ ಗ್ರೂಪ್ ಇದೆ. “ನಿಮ್ಮ ಮಗ ಇನ್ನೂ ಬರೆಯಲ್ವಾ? ನಮ್ಮೋಳು ಆಗಲೇ ಎರಡಂಕಿ ಕೂಡೋ ಲೆಕ್ಕ ಮಾಡ್ತಾಳೆ” ಅನ್ನೋ ಪಕ್ಕದ ಮನೆಯವರಿದ್ದಾರೆ. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಅಂತ ನಮ್ಮ ರಾಜ್ಯದಲ್ಲಿ ನಿಯಮ ಬಂದಾಗ ಎಷ್ಟು ಮನೆಗಳಲ್ಲಿ ಗಲಾಟೆ ಆಯ್ತು, ನೆನಪಿದೆಯಾ? “ಒಂದು ವರ್ಷ ವೇಸ್ಟ್ ಆಗುತ್ತೆ” ಅಂತ ಪೋಷಕರು ಒತ್ತಾಯ ಮಾಡಿದ ಮೇಲೆ ಸರ್ಕಾರ 2025–26ನೇ ಸಾಲಿಗೆ ಮಾತ್ರ ಅದನ್ನ 5 ವರ್ಷ 5 ತಿಂಗಳಿಗೆ ಇಳಿಸಿತು. ಆಗಲೇ ಯುಕೆಜಿ ಮುಗಿಸಿದ ಮಕ್ಕಳ ತೊಂದರೆ ನನಗೂ ಅರ್ಥ ಆಗುತ್ತೆ. ಆದರೆ ಐದು ವರ್ಷದ ಮಗು ಆಟ ಆಡಿದ ವರ್ಷವನ್ನ ನಾವು ವೇಸ್ಟ್ ಅಂತ ಕರೀತೀವಲ್ಲ, ಆ ಮಾತಿನಲ್ಲೇ ನಾನೂರು ಜನರ ಕಾಲಿನ ಸದ್ದು ಕೇಳಿಸುತ್ತೆ.

ಸಭೆಯವರಾದ ನಾವೂ ಒಮ್ಮೊಮ್ಮೆ ಏಸಾವನ ಹಾಗೆ ಕರೀತೀವಿ. ಎರಡು ವರ್ಷದ ಮಗು ಇರೋ ತಾಯಿ ಇಡೀ ರಾತ್ರಿಯ ಪ್ರಾರ್ಥನೆಗೆ ಬರಲಿಲ್ಲ ಅಂತ “ಸಿಸ್ಟರ್ ಈಗ ತಣ್ಣಗಾಗಿಬಿಟ್ಟಿದ್ದಾರೆ” ಅಂದುಬಿಡ್ತೀವಿ. ಅವಳು ರಾತ್ರಿ ಮೂರು ಸಲ ಎದ್ದು ಹಾಲು ಕುಡಿಸಿದ್ದು ನಮ್ಮ ಹಾಜರಿ ಪುಸ್ತಕದಲ್ಲಿ ಬರೋದಿಲ್ಲ. ಪರಲೋಕದ ಪುಸ್ತಕದಲ್ಲಿ ಬರುತ್ತೆ. ಎಷ್ಟು ಜನ ಆಮೆನ್ ಹೇಳ್ತೀರಿ?

ಯಾಕೋಬ ಹೇಗೆ ಬೇಡ ಅಂದ, ಗಮನಿಸಿ. ಜಗಳ ಆಡಲಿಲ್ಲ. ಅಣ್ಣನನ್ನ “ಒಡೆಯ” ಅಂತ ಕರೆದು ಮರ್ಯಾದೆಯಿಂದ, ಕಾರಣ ಕೊಟ್ಟು ಹೇಳಿದ. ನಾವೂ ಹೀಗೆ ಹೇಳೋದು ಕಲೀಬೇಕು. “ಸರ್, ಆರೂವರೆ ಮೇಲೆ ಒಂದು ಗಂಟೆ ಮಗು ಜೊತೆ ಇರ್ತೀನಿ, ಆಮೇಲೆ ಮೇಲ್ ನೋಡ್ತೀನಿ.” “ಅತ್ತೆ, ಈ ಸಲ ಹಬ್ಬಕ್ಕೆ ಎರಡು ದಿನ ಮಾತ್ರ ಇರ್ತೀವಿ, ಮಗೂಗೆ ಹುಷಾರಿಲ್ಲ.” ಬೇಡ ಅನ್ನೋದು ಪಾಪ ಅಲ್ಲ. ಎಳೆಯರ ಪರವಾಗಿ ಬೇಡ ಅನ್ನೋದು ಕುರುಬನ ಕೆಲಸ.

ನಮ್ಮ ಸಭೆಯಲ್ಲಿ ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯವರು ತುಂಬ ಜನ ಇದ್ದೀರಿ. ನಾನೂ ನಾಗಮಂಗಲ ತಾಲ್ಲೂಕಿನವನೇ, ಆದಿಚುಂಚನಗಿರಿ ಬೆಟ್ಟ ಕಾಣೋ ಹಳ್ಳಿ. ಬೆಳಗ್ಗೆ ನವಿಲಿನ ಕೂಗು ಕೇಳ್ತಾ ಎದ್ದವರು ನಾವು. ಶುಕ್ರವಾರ ಸಾಯಂಕಾಲ ಊರಿಗೆ ಹೊರಡೋದು ನಿಮಗೆ ಗೊತ್ತು. ನೆಲಮಂಗಲ ದಾಟಿದರೆ ಹಾಸನದ ಹೈವೇ. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್. ಬ್ರಹ್ಮಚಾರಿಯಾಗಿದ್ದಾಗ ಬೈಕಲ್ಲಿ ಎಲ್ಲೂ ನಿಲ್ಲಿಸದೆ ಹೋಗ್ತಿದ್ದೆ. ಈಗ ಹಿಂದಿನ ಸೀಟಲ್ಲಿ ಏಳು ವರ್ಷದ ಮಗಳು, ಮೂರು ವರ್ಷದ ಮಗ. ನೆಲಮಂಗಲಕ್ಕೆ ಮುಂಚೆನೇ “ಊರು ಬಂತಾ?” ಶುರು. ಕುಣಿಗಲ್ ಹತ್ತಿರ ಒಬ್ಬರಿಗೆ ವಾಂತಿ. ಯಡಿಯೂರಲ್ಲಿ ಇನ್ನೊಬ್ಬರಿಗೆ ಬಾತ್‌ರೂಮ್. ಊರಿಂದ ಅವ್ವ ಫೋನ್ ಮಾಡ್ತಾ ಇರ್ತಾರೆ, “ಎಲ್ಲಿದ್ದೀರ್ಲಾ? ಮುದ್ದೆ ತಣ್ಣಗಾಯ್ತದೆ.” ಹೈವೇ ಅದೇ, ಸುಮಾರು 110 ಕಿಲೋಮೀಟರ್ ಅದೇ, ಗಾಡಿಗೆ ಶಕ್ತಿನೂ ಇದೆ. ಆದರೆ ಆ ಪ್ರಯಾಣದ ಸಮಯ ಈಗ ಇಂಜಿನ್ ಲೆಕ್ಕದಲ್ಲಿಲ್ಲ, ಮಗುವಿನ ಹೊಟ್ಟೆ ಲೆಕ್ಕದಲ್ಲಿದೆ. ಇದನ್ನ ಒಪ್ಪಿಕೊಂಡು ಒಂದು ಗಂಟೆ ಮುಂಚೆ ಹೊರಟವರ ಗಾಡಿಯಲ್ಲಿ ಹಾಡಿರುತ್ತೆ. ಒಪ್ಪಿಕೊಳ್ಳದವರ ಗಾಡಿಯಲ್ಲಿ ಬೈಗುಳ ಇರುತ್ತೆ.

2. ಮಕ್ಕಳು ಎಳೆಯವರು ಅಂತ ತಿಳಿದಿರಬೇಕು

ಯಾಕೋಬನಿಗೆ ತನ್ನ ಹಿಂಡು ಗೊತ್ತಿತ್ತು. ಯಾವುದು ಈಯ್ದಿದೆ, ಯಾವುದು ಹಾಲೂಡಿಸ್ತಿದೆ, ಎಷ್ಟು ದೂರ ನಡೆಯುತ್ತೆ.

ನಾಗಮಂಗಲದ ಕಡೆ ಬಹಳಷ್ಟು ಮಳೆ ನಂಬಿದ ಹೊಲ. ರಾಗಿ, ಹುರುಳಿ, ಅದರ ಜೊತೆ ಒಂದಿಷ್ಟು ಕುರಿ. ನಮ್ಮ ಮಂಡ್ಯ ಜಿಲ್ಲೆಯ ಬಂಡೂರು ಕುರಿ ಹೆಸರುವಾಸಿ, ಮಳವಳ್ಳಿ ತಾಲ್ಲೂಕಿನ ಬಂಡೂರು ಅನ್ನೋ ಊರಿನಿಂದ ಬಂದ ಹೆಸರು. ಗಿಡ್ಡ ಕಾಲು, ದಪ್ಪ ಮೈ. ಕುರಿ ಸಾಕಿದ ಮನೆಯವರಿಗೆ ಇದು ಗೊತ್ತು: ಹುಟ್ಟಿದ ಮರಿಯನ್ನ ಮೊದಲ ದಿನಗಳಲ್ಲಿ ಮೇಯೋಕೆ ಹೊಡ್ಕೊಂಡು ಹೋಗಲ್ಲ. ಮನೆ ಹತ್ತಿರಾನೇ ಬುಟ್ಟಿ ಕವುಚಿ ಅದರೊಳಗೆ ಬಿಟ್ಟಿರ್ತಾರೆ. ದಾರಿಯಲ್ಲಿ ಈಯ್ದರೆ ಮರಿಯನ್ನ ಹೆಗಲ ಮೇಲೆ ಹಾಕ್ಕೊಂಡು ಬರ್ತಾರೆ, ತಾಯಿ ಕುರಿ ಅವರ ಹಿಂದೇನೇ ಕೂಗ್ತಾ ಬರುತ್ತೆ. “ಈ ಮರಿಗೆ ಶಿಸ್ತಿಲ್ಲ, ನಡೆಯೋಕೆ ಬರಲ್ಲ” ಅಂತ ಯಾವ ಕುರುಬನೂ ಬೈಯಲ್ಲ. ಅದು ಮರಿ ಅಂತ ಅವನಿಗೆ ಗೊತ್ತು.

ನಾವು ಅವಿಧೇಯತೆ ಅಂತ ಕರೆಯೋದರಲ್ಲಿ ಎಷ್ಟೋ ಪಾಲು ಬರೀ ನಿದ್ದೆ, ಬರೀ ಹಸಿವು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಒಂದು ಮಾರ್ಗಸೂಚಿ ಕೊಟ್ಟಿತು. ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ. ಒಂದು ವರ್ಷದೊಳಗಿನ ಮಗುವಿಗೆ ಮೊಬೈಲ್, ಟಿವಿ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡ, ಕಡಿಮೆ ಆದಷ್ಟೂ ಒಳ್ಳೇದು. ಈಗ ನಮ್ಮ ಮನೆ ಲೆಕ್ಕ ನೋಡಿ. ಅಪ್ಪ ಟ್ರಾಫಿಕ್ ದಾಟಿ ಒಂಬತ್ತಕ್ಕೆ ಬರ್ತಾರೆ, ಅವರನ್ನ ನೋಡೋಕೆ ಮಗು ಹನ್ನೊಂದರವರೆಗೆ ಎದ್ದಿರುತ್ತೆ, ಬೆಳಗ್ಗೆ ಆರೂವರೆಗೆ ಎಬ್ಬಿಸ್ತೀವಿ. ಏಳೂವರೆ ಗಂಟೆ ನಿದ್ದೆ! ಆ ಮಗು ಸಾಕ್ಸ್ ನೋಡಿ ಅಳದೆ ಇನ್ನೇನು ಮಾಡುತ್ತೆ? ಅದಕ್ಕೆ ದೆವ್ವ ಹಿಡಿದಿಲ್ಲ ಪ್ರಿಯರೇ, ನಿದ್ದೆ ಹಿಡಿದಿದೆ.

ಇಲ್ಲಿ ಯೌವನಸ್ಥ ತಂದೆಗಳು ಕೇಳೋ ಪ್ರಶ್ನೆ ಒಂದಿದೆ. “ಬ್ರದರ್, ಜ್ಞಾನೋಕ್ತಿ 13:24ರಲ್ಲಿ ಬೆತ್ತದ ಮಾತಿದೆಯಲ್ಲ, ಹೊಡೀಬೇಕಲ್ವಾ?” ಶಿಸ್ತು ಬೇಕು. ಶಿಸ್ತಿಲ್ಲದ ಪ್ರೀತಿ ಪ್ರೀತಿನೇ ಅಲ್ಲ ಅನ್ನೋದು ಆ ವಚನದ ಅರ್ಥ. ಆದರೆ ಕುರುಬನ ಕೈಯಲ್ಲಿರೋ ಕೋಲನ್ನ ನೋಡಿದ್ದೀರಾ? ನಮ್ಮ ಕಡೆ ಅದರ ತುದಿಗೆ ಕುಡುಗೋಲು ಕಟ್ಟಿರ್ತಾರೆ, ದೋಟಿ ಅಂತೀವಿ. ಮರಿಗೆ ಎಟುಕದ ಸೊಪ್ಪನ್ನ ಕೆಳಗೆ ಇಳಿಸಿಕೊಡೋಕೆ ಅದು. ನಾಯಿ ಬಂದರೆ ಓಡಿಸೋಕೆ, ಹೊಲಕ್ಕೆ ನುಗ್ಗೋ ಕುರಿಗೆ ಅಡ್ಡ ಹಿಡಿಯೋಕೆ ಕೋಲು. ಕೀರ್ತನೆ 23ರಲ್ಲಿ ದಾವೀದನಿಗೆ ದೇವರ ಕೋಲು ಧೈರ್ಯ ಕೊಡೋದು ಇದಕ್ಕೇ. ನಿಮ್ಮ ಕೈ ನೋಡಿದರೆ ನಿಮ್ಮ ಮಗುವಿಗೆ ಧೈರ್ಯ ಬರುತ್ತಾ, ಭಯ ಬರುತ್ತಾ? ಎಫೆಸ 6:4ರಲ್ಲಿ ಪೌಲನು ತಂದೆಗಳನ್ನೇ ಹೆಸರಿಟ್ಟು ಎಚ್ಚರಿಸ್ತಾನೆ, ಮಕ್ಕಳನ್ನ ಕೆಣಕಿ ಕೋಪಕ್ಕೆ ಎಬ್ಬಿಸಬೇಡಿ ಅಂತ. ಆಫೀಸಿನಲ್ಲಿ ನುಂಗಿಕೊಂಡ ಕೋಪವನ್ನ ಮನೆಗೆ ತಂದು ಮೂರು ವರ್ಷದ ಬೆನ್ನ ಮೇಲೆ ಇಳಿಸೋದು ಶಿಸ್ತಲ್ಲ. ಅದಕ್ಕೆ ಬೈಬಲ್ ವಚನವನ್ನ ಮುಸುಕು ಮಾಡಬೇಡಿ.

ಹಾಗಾದರೆ ಏನು ಮಾಡೋದು? ಒಂದು ಮಾತು ಹೇಳಿ, ಸ್ಪಷ್ಟವಾಗಿ ಹೇಳಿ, ಹೇಳಿದ್ದನ್ನ ನಡೆಸಿ. “ಟಿವಿ ಈಗ ಆಫ್” ಅಂದರೆ ಆಫ್. ಅದು ಅಳಲಿ, ನೀವು ಪಕ್ಕದಲ್ಲಿ ಕೂತಿರಿ. ಮಗು ಅತ್ತಿದ್ದು ನೀವು ಸೋತಿದ್ದಕ್ಕೆ ಗುರುತಲ್ಲ.

3. ಆ ತಂದೆಯೂ ಕುಂಟುತ್ತಿದ್ದ

ಹಿಂದಿನ ಅಧ್ಯಾಯಕ್ಕೆ ಹೋಗಿ, 32:31. ಯಬ್ಬೋಕ್ ಹೊಳೆಯ ಹತ್ತಿರ ರಾತ್ರಿಯೆಲ್ಲ ದೇವರೊಂದಿಗೆ ಹೋರಾಡಿದ ಯಾಕೋಬ ಪೆನೀಯೇಲನ್ನ ದಾಟುವಾಗ ಸೂರ್ಯ ಹುಟ್ಟಿದ. ಅವನು ತೊಡೆಯ ನೋವಿಂದ ಕುಂಟುತ್ತಿದ್ದ. ಏಸಾವನನ್ನ ಎದುರುಗೊಂಡದ್ದು ಅದಾದ ಮೇಲೆ.

ಇದನ್ನ ಓದಿದಾಗ ನನಗೆ ತುಂಬ ಆದರಣೆ ಸಿಕ್ಕಿತು. ಮಕ್ಕಳ ಹೆಜ್ಜೆಗೆ ತಕ್ಕ ಹಾಗೆ ಬರ್ತೀನಿ ಅಂದ ಆ ತಂದೆಗೂ ಬೇಗ ನಡೆಯೋಕೆ ಆಗ್ತಿರಲಿಲ್ಲ. ದೇವರು ಅವನನ್ನ ಆಶೀರ್ವದಿಸಿದ, ಅದೇ ರಾತ್ರಿ ಅವನ ಹೆಜ್ಜೆಯನ್ನೂ ಚಿಕ್ಕದು ಮಾಡಿದ. ಮಕ್ಕಳಾದ ಮೇಲೆ ನಿಮ್ಮ ಪ್ರಾರ್ಥನೆ ಚಿಕ್ಕದಾಗಿದೆಯಾ? ಸೇವೆ ಕಡಿಮೆ ಆಗಿದೆಯಾ? ಮೊದಲಿನ ಚುರುಕಿಲ್ಲವಾ? ದೇವರು ನಿಮ್ಮನ್ನ ಬಿಟ್ಟುಬಿಟ್ಟಿದ್ದಾನೆ ಅಂತ ತೀರ್ಮಾನ ಮಾಡಬೇಡಿ. ಕುಂಟುವವನೂ ಆಶೀರ್ವಾದ ಹೊತ್ತವನೇ. ಹಲ್ಲೆಲೂಯಾ!

ಆದರೆ ಕುಂಟುವವರಿಗೆ ವಿಶ್ರಾಂತಿ ಬೇಕು. 1 ಅರಸುಗಳು 19ರಲ್ಲಿ ಎಲೀಯ ಸಾಕಪ್ಪಾ ಸಾಕು ಅಂತ ಗಿಡದ ಕೆಳಗೆ ಮಲಗಿಬಿಟ್ಟ. ದೇವದೂತ ಬಂದು ಮೊದಲು ಬೋಧನೆ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗೋಕೆ ಬಿಟ್ಟ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ. ದೇವರ ಮಾತು ಅದಾದ ಮೇಲೆ. ಗಂಡಂದಿರೇ, ನಿಮ್ಮ ಹೆಂಡತಿ ಸುಸ್ತಾಗಿ ಅಳ್ತಿದ್ದರೆ ವಚನ ಹೇಳೋಕೆ ಮುಂಚೆ ಒಂದು ಲೋಟ ಕಾಫಿ ಮಾಡಿಕೊಡಿ. ಮಗುವನ್ನ ಎತ್ತಿಕೊಂಡು ಹೊರಗೆ ಹೋಗಿ, ಒಂದು ಗಂಟೆ ಮಲಗೋಕೆ ಬಿಡಿ. ಇದೂ ದೇವದೂತನ ಸೇವೆಯೇ.

ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನವರಿಗೆ ಒಂದು ಮಾತು ಗೊತ್ತು: ಕಟ್ಟು ಪದ್ಧತಿ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ಕಡಿಮೆ ಇದ್ದಾಗ ನಾಲೆಯಲ್ಲಿ ಒಂದೇ ಸಮ ಬಿಡೋದಿಲ್ಲ. ಇಷ್ಟು ದಿನ ನೀರು, ಇಷ್ಟು ದಿನ ನಿಲುಗಡೆ. ನಿಲುಗಡೆಯ ದಿನ ಬಂದಾಗ ನಾಲೆ ಸತ್ತುಹೋಯ್ತು ಅಂತ ಯಾವ ರೈತನೂ ಅಳಲ್ಲ, ಮುಂದಿನ ಕಟ್ಟು ಯಾವಾಗ ಅಂತ ಅವನಿಗೆ ಗೊತ್ತಿರುತ್ತೆ. ಗಂಡ ಹೆಂಡತಿ ಇಬ್ಬರೂ ಹೀಗೆ ಸರದಿ ಮಾಡಿಕೊಳ್ಳಿ. ಮಂಗಳವಾರ ರಾತ್ರಿ ಮಗು ಎದ್ದರೆ ಅಪ್ಪನ ಪಾಳಿ. ಭಾನುವಾರ ಮಧ್ಯಾಹ್ನ ಎರಡು ಗಂಟೆ ಅಮ್ಮನದು, ಯಾರೂ ಬಾಗಿಲು ತಟ್ಟಬಾರದು. ಮಾತಾಡಿಕೊಂಡು ಮಾಡಿದರೆ ಸರದಿ. ಮಾತಾಡದೆ ಒಬ್ಬರ ಮೇಲೇ ಬಿಟ್ಟರೆ ಅದು ಅನ್ಯಾಯ.

ಇನ್ನೊಂದು ವಿಷಯ ಗಂಭೀರವಾಗಿ ಹೇಳ್ತೀನಿ. ಹೆರಿಗೆಯಾದ ಮೇಲೆ ಕೆಲವು ತಾಯಂದಿರಿಗೆ ವಾರಗಟ್ಟಲೆ ದುಃಖ ಬಿಡೋದಿಲ್ಲ. ಮಗು ಮಲಗಿದರೂ ನಿದ್ದೆ ಬರಲ್ಲ, ಮಗುವಿನ ಮೇಲೆ ಮನಸ್ಸೇ ಬರಲ್ಲ, ಬದುಕೇ ಬೇಡ ಅನ್ಸುತ್ತೆ. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ. ಅಪನಂಬಿಕೆ ಅಂತ ಅವರನ್ನ ಖಂಡಿಸಬೇಡಿ. ಕೈಯಿಟ್ಟು ಪ್ರಾರ್ಥಿಸೋಣ, ಅದೇ ದಿನ ಡಾಕ್ಟರ್ ಹತ್ತಿರಾನೂ ಕರ್ಕೊಂಡು ಹೋಗೋಣ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವೈದ್ಯನಾದ ಲೂಕನನ್ನ ಪೌಲನು ಪ್ರಿಯನು ಅಂತ ಕರೆದ, ಕೊಲೊಸ್ಸೆ 4:14. ಡಾಕ್ಟರನ್ನ ನೋಡೋದು ದೇವರನ್ನ ಬಿಟ್ಟಂತೆ ಅಲ್ಲ.

4. ಸುಕ್ಕೋತಿನಲ್ಲಿ ಹಂದರ ಹಾಕಿದ

17ನೇ ವಚನ. ಯಾಕೋಬ ಸುಕ್ಕೋತಿಗೆ ಬಂದು ತನಗೆ ಮನೆ ಕಟ್ಟಿಕೊಂಡ, ದನಕುರಿಗಳಿಗೆ ಹಂದರ ಹಾಕಿದ. ಅದು ಕೊನೆಯ ಗುರಿ ಅಲ್ಲ, ಇನ್ನೂ ದಾರಿ ಇದೆ. ಆದರೂ ಎಳೆಯರಿಗಾಗಿ ನಿಂತ, ನೆರಳು ಮಾಡಿದ.

ಮನೆಯಲ್ಲಿ ನಾವು ಹಾಕಬಹುದಾದ ಹಂದರ ಯಾವುದು? ಧರ್ಮೋಪದೇಶಕಾಂಡ 6:7ರಲ್ಲಿ ಮೋಶೆ ಮಕ್ಕಳಿಗೆ ವಾಕ್ಯ ಕಲಿಸೋಕೆ ನಾಲ್ಕು ಸಮಯ ಹೇಳ್ತಾನೆ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಇದರಲ್ಲಿ ಎಲ್ಲೂ ಗುಡಾರ ಇಲ್ಲ, ಮೈಕ್ ಇಲ್ಲ. ಮೂರು ವರ್ಷದ ಮಗುವನ್ನ ಒಂದು ಗಂಟೆ ಕುಟುಂಬ ಪ್ರಾರ್ಥನೆಯಲ್ಲಿ ಕೂರಿಸಿ “ಅಲುಗಾಡಬೇಡ” ಅಂದರೆ, ಯೇಸಪ್ಪ ಅಂದ್ರೆ ಕಾಲು ಜೋಮು ಹಿಡಿಯೋದು ಅಂತ ಅದು ಕಲಿಯುತ್ತೆ. ಐದು ನಿಮಿಷ ಸಾಕು. ಒಂದು ಹಾಡು, ಒಂದು ಕಥೆ, ಮಗುವಿನ ಬಾಯಿಂದ ಒಂದು ಸಾಲು ಪ್ರಾರ್ಥನೆ. ಅದು “ಯೇಸಪ್ಪಾ, ನಮ್ಮ ಅಜ್ಜಿ ಮನೆ ಕುರಿಮರಿನ ಚೆನ್ನಾಗಿ ನೋಡ್ಕೋ” ಅಂದರೆ ಆಮೆನ್ ಹೇಳಿ, ತಿದ್ದಬೇಡಿ.

ಮಾರ್ಕ 5ರಲ್ಲಿ ಯೇಸು ಯಾಯೀರನ ಮಗಳನ್ನ ಎಬ್ಬಿಸಿದ. ಸತ್ತ ಹುಡುಗಿ ಎದ್ದು ನಡೆದಾಡಿದಳು. ಮನೆಯವರೆಲ್ಲ ಬೆರಗಾಗಿ ನಿಂತಿದ್ದಾರೆ. ಆಗ ಕರ್ತನು ಹೇಳಿದ್ದೇನು ಗೊತ್ತಾ? ಅವಳಿಗೆ ಏನಾದರೂ ತಿನ್ನೋಕೆ ಕೊಡಿ ಅಂತ. ಮರಣವನ್ನ ಗೆದ್ದವನಿಗೆ ಹನ್ನೆರಡು ವರ್ಷದ ಮಗುವಿನ ಹಸಿವು ಮರೆತುಹೋಗಲಿಲ್ಲ! ತಾಯಂದಿರೇ, ದಿನಾ ನೀವು ಕಟ್ಟೋ ಟಿಫನ್ ಡಬ್ಬಿಯನ್ನ ಸಣ್ಣದು ಅನ್ಕೋಬೇಡಿ. ಅದು ಕರ್ತನ ಆಜ್ಞೆಯೊಳಗೇ ಇದೆ.

ಈ ಹಂದರದ ಒಂದು ಕಂಬ ಕ್ಷಮೆ. ಏರುಧ್ವನಿಯಲ್ಲಿ ಕೂಗಿದ ದಿನ ಎಲ್ಲ ಮನೆಯಲ್ಲೂ ಬರುತ್ತೆ. ಆ ರಾತ್ರಿ ಮಗು ಮಲಗೋಕೆ ಮುಂಚೆ ಅದರ ಪಕ್ಕ ಕೂತು, “ಅಪ್ಪ ಜೋರಾಗಿ ಕೂಗಿದ್ದು ತಪ್ಪು ಕಣಪ್ಪ, ಸಾರಿ” ಅಂತ ಹೇಳಿ. ಹಾಗೆ ಹೇಳಿದರೆ ನಿಮ್ಮ ಅಧಿಕಾರ ಕಡಿಮೆ ಆಗಲ್ಲ. ಪಶ್ಚಾತ್ತಾಪ ಅಂದ್ರೇನು ಅಂತ ಮಗು ಪುಲ್ಪಿಟ್‌ನಿಂದ ಕಲಿಯೋಕೆ ಮುಂಚೆ ನಿಮ್ಮಿಂದ ಕಲಿಯುತ್ತೆ.

ಇನ್ನೊಂದು ಕಂಬ ಸಮಾನತೆ. ಯಾಕೋಬ ಪರಿಪೂರ್ಣ ತಂದೆ ಆಗಿರಲಿಲ್ಲ. ಮುಂದೆ ಒಬ್ಬ ಮಗನಿಗೆ ಮಾತ್ರ ವಿಶೇಷ ಅಂಗಿ ಹೊಲಿಸಿದ, ಆ ಅಂಗಿ ರಕ್ತದಲ್ಲಿ ನೆನೆದು ಅವನ ಹತ್ತಿರ ವಾಪಸ್ ಬಂತು. ದಾರಿಯಲ್ಲಿ ಎಲ್ಲ ಮಕ್ಕಳ ಹೆಜ್ಜೆ ನೋಡಿದವನು ಮನೆಯಲ್ಲಿ ಎಲ್ಲ ಮಕ್ಕಳ ಮುಖ ನೋಡಲಿಲ್ಲ. ಎರಡನೇ ಮಗು ಬಂದ ಮೇಲೆ ಮೊದಲನೇ ಮಗು ಹಠ ಮಾಡ್ತಿದೆಯಾ? ದಿನಕ್ಕೆ ಹತ್ತು ನಿಮಿಷ ಅದೊಂದರ ಜೊತೆಗೇ ಕೂತುಕೊಳ್ಳಿ. ಅದು ಬೇಡ್ತಿರೋದು ಅಷ್ಟೇ.

ಯೌವನಸ್ಥರಿಗೆ ಒಂದು ಮಾತು

ತಿಮೊಥೆಯನ ನಂಬಿಕೆಯ ಹಿಂದೆ ಅಜ್ಜಿ ಲೋವಿಯೂ ತಾಯಿ ಯೂನಿಕೆಯೂ ಇದ್ದರು, 2 ತಿಮೊಥೆ 1:5. ಹಳ್ಳಿಯಲ್ಲಿ ಒಂದು ಮಗುವನ್ನ ಬೆಳೆಸೋಕೆ ಅಜ್ಜಿ, ದೊಡ್ಡಪ್ಪ, ಪಕ್ಕದ ಮನೆ ಅಕ್ಕ, ಜಗುಲಿ ಮೇಲಿನ ತಾತ ಎಲ್ಲ ಇದ್ದರು. ಬೆಂಗಳೂರಿನ ಟೂ ಬಿಎಚ್‌ಕೆಯಲ್ಲಿ ಇಬ್ಬರೇ. ಆ ಖಾಲಿ ಜಾಗದಲ್ಲಿ ಯಾರು ನಿಲ್ಲಬೇಕು? ಸಭೆ ನಿಲ್ಲಬೇಕು, ಅಂದರೆ ನೀವು. ತಿಂಗಳಿಗೆ ಒಂದು ಶನಿವಾರ ಸಾಯಂಕಾಲ, ಇಬ್ಬಿಬ್ಬರಾಗಿ, ಮಕ್ಕಳಿರೋ ಒಂದು ಮನೆಗೆ ಹೋಗಿ. ಅಪ್ಪ ಅಮ್ಮ ಮನೆಯಲ್ಲಿರುವಾಗಲೇ ಹಾಲ್‌ನಲ್ಲಿ ಮಕ್ಕಳ ಜೊತೆ ಆಟ ಆಡಿ, ಪಾತ್ರೆ ತೊಳೆಯಿರಿ. ನಾಳೆ ನಿಮಗೂ ಮಗು ಆದಾಗ ಇದರ ಬೆಲೆ ಗೊತ್ತಾಗುತ್ತೆ.

ಕೊನೆಯದಾಗಿ ಹೋಶೇಯ 11:3 ನೋಡಿ. ಅಲ್ಲಿ ದೇವರು ತನ್ನ ಜನರ ಬಗ್ಗೆ ಮಾತಾಡೋ ರೀತಿ ತಂದೆಯದು. ಎಫ್ರಾಯೀಮನಿಗೆ ನಡೆಯೋಕೆ ಕಲಿಸಿದ್ದು ನಾನೇ, ತೋಳಲ್ಲಿ ಎತ್ತಿಕೊಂಡದ್ದು ನಾನೇ ಅನ್ನೋ ಅರ್ಥದ ಮಾತು. ನಡೆಯೋಕೆ ಕಲಿಯೋ ಮಗುವಿನ ಹಿಂದೆ ಬಗ್ಗಿ ಬಗ್ಗಿ ಹೋಗಿ ನಿಮಗೆ ಸೊಂಟ ನೋವು ಬಂದಿದೆಯಾ? ಹಾಗಾದರೆ ಸರ್ವಶಕ್ತನು ನಿಮಗಾಗಿ ಎಷ್ಟು ಬಗ್ಗಿದ್ದಾನೆ ಅಂತ ಸ್ವಲ್ಪ ಗೊತ್ತಾಗಿರುತ್ತೆ. ಯೆಶಾಯ 40:11ರಲ್ಲಿ ಆ ಕುರುಬನು ಮರಿಗಳನ್ನ ಎದೆಗೆ ಅಪ್ಪಿಕೊಂಡು, ಹಾಲೂಡಿಸೋ ತಾಯಿಗಳನ್ನ ಮೆಲ್ಲಗೆ ನಡೆಸ್ತಾನೆ. ನೀವು ಮಕ್ಕಳ ಹೆಜ್ಜೆಗೆ ನಡೀತಿದ್ದರೆ, ಆತನು ನಿಮ್ಮ ಹೆಜ್ಜೆಗೆ ನಡೀತಿದ್ದಾನೆ.

ಈ ವಾರ ಮೂರು ಕೆಲಸ ಮಾಡಿ. ಮಗುವಿನ ಮಲಗೋ ಸಮಯವನ್ನ ಅರ್ಧ ಗಂಟೆ ಹಿಂದಕ್ಕೆ ತನ್ನಿ. ಗಂಡ ಹೆಂಡತಿ ಕೂತು ಸರದಿಯ ಒಂದು ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನಾನೂರು ಜನರ ಕರೆಗಳಲ್ಲಿ ಒಂದಕ್ಕೆ ಮರ್ಯಾದೆಯಿಂದ ಬೇಡ ಅನ್ನಿ.

ಪ್ರಾರ್ಥನೆ ಮಾಡೋಣ. ಮಗು ತೊಡೆ ಮೇಲೆ ಮಲಗಿದ್ದರೆ ಏಳಬೇಡಿ, ಕೂತಲ್ಲೇ ಇರಿ.

ಪರಲೋಕದ ತಂದೆಯೇ, ಇಲ್ಲಿರುವ ಪ್ರತಿಯೊಂದು ಮನೆಯನ್ನ ನೀನು ಬಲ್ಲೆ. ನಿನ್ನೆ ರಾತ್ರಿ ಯಾರು ಅತ್ತರು, ಯಾರು ಕೂಗಿದರು, ಯಾರು ನಿದ್ದೆ ಮಾಡಲಿಲ್ಲ, ನಿನಗೆ ಗೊತ್ತು. ದಣಿದ ತಾಯಂದಿರಿಗೆ ವಿಶ್ರಾಂತಿ ಕೊಡು. ತಂದೆಗಳ ಕೈಗಳನ್ನ ಮೃದು ಮಾಡು. ಮಗುವಿಗಾಗಿ ಕಾಯುತ್ತಿರುವ ದಂಪತಿಗಳನ್ನ, ಒಬ್ಬರೇ ಮಕ್ಕಳನ್ನ ಬೆಳೆಸುತ್ತಿರುವ ಅಪ್ಪ ಅಮ್ಮಂದಿರನ್ನ ನಿನ್ನ ಎದೆಗೆ ಅಪ್ಪಿಕೋ. ನಮಗೆ ಓಡುವ ಶಕ್ತಿ ಇದ್ದಾಗಲೂ ಎಳೆಯರಿಗಾಗಿ ನಿಧಾನವಾಗಿ ನಡೆಯುವ ಕೃಪೆ ಕೊಡು. ಪರಿಶುದ್ಧಾತ್ಮನೇ, ನಮ್ಮ ಜೊತೆ ನಮ್ಮ ಅಡುಗೆಮನೆಗಳಿಗೆ ಬಾ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.